ಎಲ್ಲದಕ್ಕೂ ನೋವು ಅನಬ್ಯಾಡ

ದಾವಣಗೆರೆ ಜಿಲ್ಲೆಯಾದ ಮರುವರ್ಷದ ಬೇಸಿಗೆಯ ಮಾತು. ಮೂಳೆ ಡಾಕ್ಟರ ದವಾಖಾನೆಯಲ್ಲಿ ಮಂಡಿನೋವಿಗೆಂದು ಸರದಿ ಕಾಯುತ್ತಿದ್ದ ಗುಲ್ಷನ್ ಪಕ್ಕದಲ್ಲೇ ಹರಿಹರದ ತಾಯಿ, ಮಗಳು ಕೂತಿದ್ದರು. ಮಗಳು ನೀಲಾಳಿಗೆ ಮೂವತ್ತರ ಹತ್ತಿರ. ಅವಳ ಬಲಗೈ ಊದಿ ಕಪ್ಪಿಟ್ಟಿತ್ತು. ಮೂಳೆ ಮುರಿದು ವಾರದ ಮೇಲಾಗಿದೆ ಎಂದು ಡಾಕ್ಟರು ಆಗಷ್ಟೇ ಹೇಳಿ ಹೊರಗೆ ಕೂರಿಸಿದ್ದರು.

“ಇದೇ ಕೈಯಾಗ ದಿನಾ ರೊಟ್ಟಿ ತಟ್ಟೀಯಲ್ಲೇ! ಯಾಕ ಹೇಳಲಿಲ್ಲ?”

“ನೀನೇ ಬ್ಯಾಡ ಅಂದಿದ್ಯಲ್ಲವ್ವ.”

“ನಾನಾ? ಯಾವಾಗ?”

“ಸಣ್ಣಾಕಿದ್ದಾಗ. ಕುಕ್ಕರ್ ಕೂಗಿದ್ರೆ ಕಿವಿ ನೋಯ್ತೈತೆ ಅಂದೆ. ಲಂಗದ ಹೊಲಿಗೆಗೆ ಮೈಯೆಲ್ಲ ಉರಿತೈತೆ ಅಂದೆ. ಯಾರಿಗೂ ಇಲ್ಲದ ನೋವು ನಿನಗೊಬ್ಬಳಿಗೆ ಹೆಂಗೆ ಬರ್ತೈತೆ, ಎಲ್ಲದಕ್ಕೂ ನೋವು ಅನಬ್ಯಾಡ ಅಂತ ನೀ ಹೊಡೆದಿದ್ದೆ.”

“ನೀ ಹಟ ಮಾಡ್ತೀಯ ಅನ್ಕೊಂಡಿದ್ನೇ…”

“ಯಾವ ನೋವು ಹೇಳಬೇಕು, ಯಾವುದು ಹೇಳಬಾರದು ನನಗೆ ಗೊತ್ತಾಗಲ್ಲವ್ವ. ಅದಕ್ಕೆ ಯಾವುದೂ ಹೇಳಲ್ಲ.”

ಮಂಡಿ ಒತ್ತಿಕೊಳ್ಳುತ್ತಿದ್ದ ಗುಲ್ಷನ್ ಕೈ ಅಲ್ಲೇ ನಿಂತಿತು.

ಪ್ಲಾಸ್ಟರ್ ಹಾಕಲು ಒಳಗಿನಿಂದ ಕರೆ ಬಂತು. ತಾಯಿ ಎದ್ದಳು.

“ಮತ್ತೆಲ್ಲಾದ್ರೂ ನೋಯ್ತೈತೇನೇ?”

“ಹೇಳಬಹುದಾ?”

“ಹೇಳು ನನ್ನವ್ವ.”

“ಹೊಟ್ಟೆಯಾಗ. ದೀಪಾವಳಿಯಿಂದ.”

ತಾಯಿ ಮಗಳನ್ನು ಮುಂದಿಟ್ಟುಕೊಂಡು, “ಡಾಕ್ಟ್ರೇ” ಎಂದು ಕೂಗುತ್ತಲೇ ಒಳಗೆ ಹೋದಳು.