ಎಡಗಡೆಯಿಂದ ಮೂರ್ನೇ ಕಂಬ

...ಅಲ್ಲ ಕಣವ್ವ, ಎಡಗಡೆಯಿಂದ ಮೂರ್ನೇದು! ಬಲಗಡೆಯಿಂದ ಎಣಿಸ್ಬುಟ್ರೆ ಬೇರೆಯೋರ ಕಂಬ ಆಗೋಯ್ತದೆ. ವಿಧಾನಸೌಧದ ಮೆಟ್ಲು ಹತ್ತುದ್ರೆ ಹನ್ನೆರಡು ಕಂಬ ಸಾಲಾಗಿ ನಿಂತವಲ್ಲ, ಒಂದೊಂದೂ ನಲವತ್ತಡಿ... ಅದ್ರಲ್ಲಿ ಮೂರ್ನೇದು ನಿನ್ ಮುತ್ತಾತ ಕರಿಯಯ್ಯಂದು. ನಮ್ಮಪ್ಪ ಒಬ್ನೇ ಕಟೆದು ನಿಲ್ಸಿದ್ದು! ಯಾಕ್ ನಗ್ತೀಯ? ಹೂಂ ಕಣೆ, ಒಬ್ನೇ! ...ಸರಿ ಸರಿ, ಜೊತೇಲಿ ಹತ್ತಿಪ್ಪತ್ತು ಜನ ಇದ್ರು ಅಂತ ಇಟ್ಕೊ. ಅದ್ನ ರೆಕಾರ್ಡ್ ಮಾಡ್ಬ್ಯಾಡ.

ಲೇ ಚಿನ್ನು, ಆ ಮೊಬೈಲ ಸರ್ಯಾಗಿ ಇಡ್ಕೊ. ನಾಳೆ ಶ್ರೀರಂಗಪಟ್ಟಣದ ಕಾಲೇಜ್ನಲ್ಲಿ ಅಷ್ಟು ಜನದ ಮುಂದೆ ನಿಮ್ ತಾತನ ಮೂಗಿನ ಹೊಳ್ಳೆ ಒಂದೇ ಕಂಡಾತು! ಟವಲ್ ಹೊದ್ಕೊಳ್ಳಾ? ಬ್ಯಾಡ್ವಾ... ಸರಿ.

ಎಲ್ಲಿದ್ದೆ? ಆಂ, ಕಟ್ಟಡ. ಎದುರ್ಗಡೆ ಬಿಳಿಯೋರ ಕಾಲದ ಕೆಂಪು ಕಚೇರಿ ಐತಲ್ಲ, ಅದ್ರ ಮುಂದೆ ನಮ್ದು ಮಂಕಾಗ್ಬಾರ್ದು ಅಂತ ಹಟ ಹಿಡಿದು ಕಲ್ಲಲ್ಲೇ ಕಟ್ಸುದ್ರು ಅಂತಿದ್ದ ನಮ್ಮಪ್ಪ. ಮಾಗಡಿ ಕಡೆಯ ಕೆಂಪು ಕಲ್ಲು, ಇಲ್ಲೇ ನಾಗಮಂಗಲದ ಆಚೆ ತುರುವೇಕೆರೆ ಕರಿಕಲ್ಲು! ಕಲ್ಲಿನ ಮೇಲೆ ಸುತ್ತಿಗೆ ತಟ್ಟಿ ಕಿವಿ ಕೊಡೋನಂತೆ. ಠಣ್ ಅಂದ್ರೆ ಒಳ್ಳೇದು, ಬೊದ್ದು ಅಂದ್ರೆ ಒಳಗೆ ಬಿರುಕು. ಬಾಗ್ಲ ಮೇಲೆ ಬರ್ದವ್ರೆ ನೋಡು, ಸರ್ಕಾರದ ಕೆಲಸ ದೇವರ ಕೆಲಸ ಅಂತ. ಓದ್ದೋರ್ನ ಒಳಕ್ ಬುಡಲ್ಲ, ಒಳಕ್ ಹೋಗೋರು ಓದಲ್ಲ! ನಗು ನಗು. ಇದ್ನ ಬೇಕಾರೆ ರೆಕಾರ್ಡ್ ಮಾಡ್ಕೊ.

ಏನಂದೆ? ಬೇಸಾಯದ ಮನೆಯೋನಿಗೆ ಉಳಿ ಹಿಡಿಯೋದ ಯಾರ್ ಕಲಿಸುದ್ರು ಅಂತಾನಾ? ಅದೇನವ್ವ... ನೇಗಿಲು ಹಿಡ್ದ ಕೈಗೆ ಉಳಿ ಭಾರಾನಾ? ಅಲ್ಲೇ ಕಲಿಸುದ್ರು. ಊರಿಗೆ ಬಂದ್ಮೇಲೂ ಬುಡ್ಲಿಲ್ಲ, ಅರಕೆರೆ ಹೆಂಗಸ್ರ ಒಳಕಲ್ಲು ಸವೆದ್ರೆ ಇವನೇ ಕುಟ್ಟಿ ಕೊಡೋನು. ಗದ್ದೆ ಇಟ್ಕಂಡಿರೋನ್ಗೆ ಇದೇನ್ ಬಂತು ಅಂತ ಜನ ನಗೋರು.

ರಜಕ್ಕಾ? ಇಲ್ಲ, ರಜಕ್ಕೆ ಬರ್ನಿಲ್ಲ. ಐದೊರ್ಷ. ದೇವ್ರ ಕೆಲ್ಸ ಅಲ್ವಾ, ನಡುವೆ ಎದ್ ಬರಕಾಯ್ತದಾ? ಊಟ, ಬಟ್ಟೆ ಎಲ್ಲಾ ಸರ್ಕಾರದ್ದೇ! ಹಿಂದೆ ಮುಂದೆ ಪೊಲೀಸ್ರು... ಯಾಕಾ? ಯಾಕಂದ್ರೆ... ಉಳಿ ಸುತ್ತಿಗೆ ಕಳ್ತನ ಆಗ್ಬಾರ್ದಲ್ಲ! ಅದುಕ್ಕೆ.

ಕೇಳವ್ವ. ಕಾಫಿ ಆರೋಯ್ತಾ ಐತೆ, ಕುಡಿ... ಅಂಗ್ಯಾಕ್ ನೋಡ್ತೀಯ ನನ್ನ? ಲೇ, ರೆಕಾರ್ಡ್ ಯಾಕ್ ಆಫ್ ಮಾಡ್ದೆ?

...ಗೊತ್ತಾ ನಿಂಗೆ? ಕಾಲೇಜ್ನಲ್ಲಿ ಹೇಳುದ್ರಾ, ಅಲ್ಲಿ ಜೈಲ್ನೋರೂ ದುಡುದ್ರು ಅಂತ? ಗೊತ್ತಿದ್ದೂ ಇಷ್ಟೊತ್ತು ಕೇಳುಸ್ಕಂಡು ಕೂತಿದ್ಯಾ?

ನಾಲೆ ನೀರಿನ ಸರದಿ ಕಣವ್ವ. ಚಿಕ್ಕಸ್ವಾಮಿ ಅಂತ, ಪಕ್ಕದ ಗದ್ದೆಯೋನು. ರಾತ್ರಿ ಮಡೆ ಒಡೆದು ನೀರು ತಿರುಗಿಸ್ಕೊಂಡ. ಅಪ್ಪ ಬೆದರಿಸಾಕೆ ಅಂತ ಸನಿಕೆ ಎತ್ತುದ್ನಂತೆ... ತಲೆಗೆ ಬಿತ್ತು. ಗದ್ದೆ ಬದಿನ ಮೇಲೇ ಪ್ರಾಣ ಬುಟ್ಟ ಅವ್ನು. ನಂಗಾಗ ಮೂರೊರ್ಷ. ಅವ್ವ ನಂಗೆ ಹೇಳ್ಕೊಟ್ಟಿದ್ದು ಒಂದೇ ಮಾತು: ಯಾರಾರ ಕೇಳುದ್ರೆ ಬೆಂಗ್ಳೂರಲ್ಲಿ ಸರ್ಕಾರಿ ಕೆಲ್ಸ ಅನ್ನು. ಅಂದೆ. ಎಪ್ಪತ್ತೊರ್ಷದಿಂದ ಅಂತಾನೇ ಇವ್ನಿ. ಕಟ್ಟಡ ಮುಗುದ್ಮೇಲೆ ಜೈಲಿಂದ ಬುಟ್ಟು ಕಳಿಸುದ್ರು ಅಪ್ಪನ್ನ.

...ಫೋಟೋನಾ? ಮುತ್ತಾತ ಕಂಬದ ಮುಂದೆ ನಿಂತಿರೋದು ಐತಾ ಅಂತಾನಾ? ಇಲ್ಲ ಕಣವ್ವ. ಆಮೇಲೆ ಒಂದ್ಸಲನಾದ್ರೂ ಅಲ್ಲಿಗೆ ಹೋಗಿದ್ರಲ್ವಾ ಫೋಟೋ ಇರೋದು.

ಜೈಲು ನಾನ್ ಮುಚ್ಚಿಟ್ಟಿದ್ದಲ್ಲ, ಅದ್ನ ಮುಚ್ಚಿದ್ದು ನಮ್ಮವ್ವ. ನಾನ್ ಮುಚ್ಚಿಟ್ಟಿದ್ದು ಬೇರೆ. ಸಾಯೋಗಂಟ ಕೇಳ್ದ ಅಪ್ಪ. "ಲಾ ನರಸ, ಒಂದ್ಸಲ ಕರ್ಕಂಡೋಗ್ಲಾ. ದೀಪ ಹಾಕ್ತಾರಂತಲ್ಲ ಭಾನುವಾರ, ನಾನು ನೋಡೇ ಇಲ್ಲ ಕಣ್ಲಾ." ನಾನೇನಂದೆ? ಬಸ್ಸಲ್ಲಿ ರಶ್ಶು ಅಂದೆ. ಕಬ್ಬು ಕಡಿಯೋದೈತೆ ಅಂದೆ. ಮುಂದಿನ್ ವರ್ಷ ಅಂದೆ. ಯಾರಾರ ಹಳೇ ಪೊಲೀಸ್ನೋನು ಗುರುತು ಹಿಡಿದು, ಏನಯ್ಯ ಕರಿಯ ಅಂದ್ಬುಟ್ರೆ! ನಾನಾಗ ಸೊಸೈಟಿ ಮೆಂಬರ್ರು. ನಾಚ್ಕೆ ಕಣವ್ವ, ನಾಚ್ಕೆ...

ತಿಥಿ ಮುಗ್ಸಿ ಒಬ್ನೇ ಹೋದೆ. ಬೇಲಿ ಆಚೆ ನಿಂತು ಎಣಿಸ್ದೆ. ಎಡಗಡೆಯಿಂದ ಒಂದು, ಎರಡು, ಮೂರು. ಆಗ ಹೊಳೀತು ನೋಡು... ಯಾವ ಎಡ? ಹೊರ್ಗಡೆ ನಿಂತೋನ ಎಡಾನಾ, ಒಳ್ಗಡೆಯಿಂದ ನೋಡೋನ ಎಡಾನಾ? ಅವ್ನು ಜೊತೇಲಿದ್ದಿದ್ರೆ ಕೈ ಮಾಡಿ ತೋರ್ಸೋನು. ನಾನು ಆ ಕಡೆ ಮೂರ್ನೇದಕ್ಕೂ ಈ ಕಡೆ ಮೂರ್ನೇದಕ್ಕೂ ಕೈ ಮುಗುದು ಬಸ್ಸತ್ತಿ ಬಂದ್ಬುಟ್ಟೆ.

ಸರಿ. ತತ್ತಾ ಇಲ್ಲಿ ಮೊಬೈಲ. ಎಲ್ ಒತ್ತಬೇಕು, ಈ ಕೆಂಪು ಚುಕ್ಕೆನಾ? ಒತ್ತುದೆ.

ನನ್ನೆಸ್ರು ನರಸಯ್ಯ. ಅರಕೆರೆ. ನಮ್ಮಪ್ಪ ಕರಿಯಯ್ಯ ಜೈಲಿಂದ ಹೋಗಿ ವಿಧಾನಸೌಧಕ್ಕೆ ಕಲ್ಲು ಕಟೆದ. ಚೆನ್ನಾಗಿ ಕಟೆದ. ಅದ್ನ ನಾನು ಅವ್ನಿಗೆ ತೋರಿಸ್ನಿಲ್ಲ.