ಟೋಪಿಯ ಅಳತೆ

ಅಂಧೇರಿ ಸ್ಟೇಷನ್ ಹೊರಗಿನ ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ವಂದನಾಳ ಮುಂದೆ ಇಬ್ಬರು ಹೋಟೆಲ್ ಅಡುಗೆಯವರು ನಿಂತಿದ್ದರು. ಕಿರಿಯವನ ಕೈಯಲ್ಲಿ ಪಾಸ್‌ಪೋರ್ಟ್ ಇತ್ತು. ಕನ್ನಡ ಕಿವಿಗೆ ಬಿದ್ದದ್ದೇ ತಡ, ಅವಳು ಮೊಬೈಲ್ ನೋಡುವುದನ್ನು ಬಿಟ್ಟಳು.

“ಯುದ್ಧ ನಡೆಯುವ ಕಡೆ ಯಾಕೆ ಹೋಗ್ತಿ ಪ್ರೀತಮ್? ನಮ್ಮ ದೇಶ ಯಾರ ಕಡೆಗೂ ಇಲ್ಲ ಅಂತ ಟೀವಿಯಲ್ಲಿ ದಿನಾ ಹೇಳ್ತಾರೆ.”

“ನಾನೂ ಯಾರ ಕಡೆಗೂ ಇಲ್ಲ ಪೂವಪ್ಪಣ್ಣ. ಸೈನ್ಯದ ಕ್ಯಾಂಟೀನಲ್ಲಿ ಬರೀ ಅಡುಗೆ. ಸಂಬಳ ಇಲ್ಲಿಯ ನಾಲ್ಕು ಪಟ್ಟು.”

“ಅವರು ದೋಸೆ ತಿಂತಾರಾ?”

“ಸೂಪ್ ಮಾಡ್ಲಿಕ್ಕೆ ಕಲಿಸ್ತಾರಂತೆ.”

“ಕೆಲಸದ ಕರಾರು ಕಾಗದದಲ್ಲಿ ಎಂತ ಉಂಟು?”

“ಅವರ ಭಾಷೆಯಲ್ಲಿ ಉಂಟು. ಏಜೆಂಟ್ ಓದಿ ಹೇಳಿದ. ನನ್ನನ್ನು ಮೈದಾನದಲ್ಲಿ ಓಡಿಸಿದ್ರು, ಅಡುಗೆ ಟೋಪಿಗೆ ಅಂತ ತಲೆ ಅಳತೆಯೂ ತೆಗೆದ್ರು.”

ಪೂವಪ್ಪ ಜೇಬಿನಿಂದ ತನ್ನ ಅಡುಗೆಮನೆಯ ಟೋಪಿ ತೆಗೆದು, ಅಂಚಿನ ರಬ್ಬರ್ ಎಳೆದು ಪಟ್ಟನೆ ಬಿಟ್ಟ.

“ಮೂವತ್ತು ವರ್ಷದಲ್ಲಿ ನನ್ನ ತಲೆ ಯಾರೂ ಅಳೀಲಿಲ್ಲ ಮಾರಾಯ. ಅಳತೆ ಬೇಕಾದದ್ದು ಕಬ್ಬಿಣದ ಟೋಪಿಗೆ.”

“ಕಿತ್ನಾ ಕಾಪಿ?” ಅಂಗಡಿಯವನು ಕೈ ಚಾಚಿದ.

ಪ್ರೀತಮ್ ಒಮ್ಮೆ ತಲೆ ಸವರಿಕೊಂಡ. ಪಾಸ್‌ಪೋರ್ಟನ್ನು ಜೇಬಿಗಿಳಿಸಿ ಸಾಲಿನಿಂದ ಹೊರಬಂದ.

“ಸೂಪ್ ಕಲಿಯುವ ಆಸೆ ಇತ್ತಣ್ಣ.”

“ನಮ್ಮ ಸಾರನ್ನೇ ಕಪ್ಪಿಗೆ ಹಾಕಿ ಕುಡಿ,” ಎನ್ನುತ್ತ ಪೂವಪ್ಪ ಅವನನ್ನು ಹೋಟೆಲಿನ ಕಡೆಗೆ ನಡೆಸಿಕೊಂಡು ಹೋದ.