ಕೋರ್ಟು ಬಿಡು ಎಂದ ಕೂಸನ್ನು ಕಂಪನಿ ಬಿಡದಿದ್ದ ಬಗ್ಗೆ

ಹೆಸರು: ಶ್ರೀದೇವಿ, ಗಂಡ ಅಮೃತ್. ವಯಸ್ಸು: 26. ಓದು: ಎಂ.ಎಸ್ಸಿ. ಉದ್ಯೋಗ: ಸದ್ಯ ಬಾಣಂತಿ. ವಾಸ: ಲಾರೆನ್ಸ್‌ವಿಲ್, ಜಾರ್ಜಿಯಾ.

ಪೊಲೀಸ್ ಸಾರ್ಜೆಂಟ್ ಅವರು ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ, ಹೇಳಿಕೆಯನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಇಲ್ಲೇ ಇರುವ ನಮ್ಮ ಪರಿಚಯದ ಡಾಕ್ಟರ್ ಗುರುಶಾಂತಪ್ಪ ಅಂಕಲ್ ಇಂಗ್ಲಿಷಿಗೆ ಮಾಡಿಕೊಡುತ್ತಾರೆ. ಗಾಬರಿಯಾದರೆ ನನ್ನ ಇಂಗ್ಲಿಷ್ ಕೈಕೊಡುತ್ತದೆ.

1996ರ ಅಕ್ಟೋಬರ್ 6, ಭಾನುವಾರ ಬೆಳಿಗ್ಗೆ 10ರ ಸುಮಾರಿಗೆ, ಬಾಣಂತನಕ್ಕೆಂದು ಗುಲ್ಬರ್ಗಾದಿಂದ ಬಂದಿರುವ ನಮ್ಮ ಅತ್ತೆ ಗೌರಾಬಾಯಿಯವರು ನನ್ನ ಎರಡು ತಿಂಗಳ ಮಗಳು ಇಶಾಳಿಗೆ ಎಣ್ಣೆ ಹಚ್ಚಿ ಎರೆದು, ಕೆಂಡದ ಮೇಲೆ ಲೋಬಾನ ಉದುರಿಸಿ, ಕೂಸನ್ನು ಹೊಗೆಗೆ ಹಿಡಿದರು. ಅಪಾರ್ಟ್‌ಮೆಂಟಿನ ಅಲಾರಂ ಹೊಡೆದುಕೊಂಡಿತು. ಅಗ್ನಿಶಾಮಕದವರು ನಾಲ್ವರು ಒಳಗೆ ಬಂದರು. ಕೂಸಿನ ನೆತ್ತಿ ಆರಬೇಕಲ್ಲಪಾ, ಕುಂದರ್ರಿ, ಚಾ ಕುಡದು ಹೋಗ್ರಿ ಎಂದು ಅತ್ತೆಯವರು ಅವರಿಗೆ ಹೇಳಿದರು. ಅವರು ಕೂರಲಿಲ್ಲ, ಕೂಸನ್ನು ಹೊಗೆಗೆ ಹಿಡಿದಿದ್ದಾರೆ ಎಂದು ಕೌಂಟಿಗೆ ತಿಳಿಸಿದರು. ಸಂಜೆ ಕೌಂಟಿಯವರು, ಅಂದರೆ ಇಲ್ಲಿನ ಜಿಲ್ಲಾಡಳಿತದ ಮಕ್ಕಳ ರಕ್ಷಣೆಯವರು, ವಿಚಾರಣೆ ಮುಗಿಯುವವರೆಗೆ ಎಂದು, ಇಶಾಳನ್ನು ಖಾಸಗಿ ಕಂಪನಿಯೊಂದು ನಡೆಸುವ ಮಕ್ಕಳ ಮನೆಗೆ ಒಯ್ದರು.

ಬುಧವಾರ ಜಡ್ಜ್ ಅವರು ಕೂಸಿಗೆ ಏನೂ ಆಗಿಲ್ಲವೆಂಬ ಆಸ್ಪತ್ರೆಯ ಡಾಕ್ಟರ ವರದಿ ನೋಡಿ, ಮಗುವನ್ನು ಇಂದೇ ತಾಯಿಗೆ ಕೊಡಿ ಎಂದರು. ಮಧ್ಯಾಹ್ನ 2.30ಕ್ಕೆ ನಾವು ಕಂಪನಿಯ ಆಫೀಸಿಗೆ ಹೋದೆವು. ಮ್ಯಾನೇಜರ್ ಸೋಮವಾರ ಬನ್ನಿ ಎಂದರು. ಯಾಕೆ ಎಂದು ಕೇಳಿದೆ. ಕೌಂಟಿಯಿಂದ ನಮಗೆ ದುಡ್ಡು ಬರುವುದು ಒಂದು ಮಗುವಿಗೆ ದಿನಕ್ಕಿಷ್ಟು ಎಂಬ ಲೆಕ್ಕದಲ್ಲಿ, ತೊಟ್ಟಿಲು ಖಾಲಿ ಬಿದ್ದರೆ ನಷ್ಟ, ಇನ್ನೊಂದು ಮಗು ಬರಲಿ ಎಂದು ನಗುನಗುತ್ತಲೇ ಹೇಳಿದರು. ಎದೆಹಾಲಿಗೆ ನನ್ನ ಕುಪ್ಪಸ ಒದ್ದೆಯಾಗಿತ್ತು. ಇದೇನ್ ಲಾಡ್ಜೇನು ಎಂದು ಅಮೃತ್ ಕನ್ನಡದಲ್ಲಿ ಗೊಣಗಿದರು. ಸುಮ್ನಿರ್ರೀ ಎಂದು ನಾನು ಅವರ ಕೈ ಹಿಡಿದೆ.

ಅಲ್ಲಿಂದಲೇ, ನಮ್ಮ ಕೇಸು ನೋಡುತ್ತಿದ್ದ ಕೌಂಟಿಯ ಮಿಸೆಸ್ ಪ್ರುಯಿಟ್ ಅವರಿಗೆ ಫೋನ್ ಮಾಡಿದೆ. ಅವರು ಆಫೀಸಿಗೆ ಬಂದು ಜಗಳವಾಡುವ ಬದಲು, ತಾವೇ ಕಾರು ತೆಗೆದುಕೊಂಡು ಮಕ್ಕಳ ಮನೆಗೆ ಹೋಗಿ, 5 ಗಂಟೆಗೆ ಇಶಾಳನ್ನು ನನ್ನ ಮಡಿಲಿಗೆ ಹಾಕಿದರು. ಮೈಯಲ್ಲಿ ಬೇರೆ ಸೋಪಿನ ವಾಸನೆ ಇತ್ತು. ಕಣ್ಣು ಮುಚ್ಚಿಕೊಂಡೇ ಹಾಲು ಕುಡಿದಳು.

ಈಗ ಮಗಳು ಚೆನ್ನಾಗಿದ್ದಾಳೆ, ತೂಕವೂ ಏರಿದೆ. ನನಗೆ ಯಾರ ಮೇಲೂ ಸಿಟ್ಟಿಲ್ಲ. ಲಾಭಕ್ಕೆ ನಡೆಸುವವರಿಗೆ ಇನ್ನು ಮಕ್ಕಳನ್ನು ಕೊಡುವುದೇ ಬೇಡ ಎಂದು ಕೌಂಟಿ ಯೋಚಿಸುತ್ತಿದೆಯಂತೆ. ಆದರೆ ಮ್ಯಾನೇಜರ್ ತಾನು ಹಾಗೆ ಹೇಳಿಯೇ ಇಲ್ಲ ಎನ್ನುತ್ತಿದ್ದಾರೆ. ಕೋರ್ಟು ಬಿಡು ಎಂದ ಇನ್ನೂ ಮೂವರು ಮಕ್ಕಳು ಅವರ ಬಳಿಯೇ ಇದ್ದಾರೆ ಎಂದು ಮಿಸೆಸ್ ಪ್ರುಯಿಟ್ ತಿಳಿಸಿದರು. ಅದಕ್ಕೇ ಪೊಲೀಸ್ ಠಾಣೆಗೆ ಬಂದೆ.

ಹೆರಿಗೆಯಾದಾಗಿನಿಂದ ನಿದ್ದೆಯಿಲ್ಲ ಅನ್ನುತ್ತೀರಿ, ತಪ್ಪು ಕೇಳಿಸಿಕೊಂಡಿರಬಹುದಲ್ಲ ಎಂದು ಸಾರ್ಜೆಂಟ್ ಕೇಳಿದರು. ನಿದ್ದೆಯಿಲ್ಲದಿರುವುದು ನಿಜ. ಎರಡು ಕೋಣೆ ಆಚೆ ಕೂಸು ಮಗ್ಗುಲಾದರೂ ನನಗೆ ಕೇಳಿಸುತ್ತದೆ. ಆ ಮನುಷ್ಯ ನನ್ನಿಂದ ಒಂದು ಮೇಜಿನಾಚೆ ಇದ್ದ.

ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡೆ. ನಾನು ಕಂಡು ಕೇಳಿದ್ದಷ್ಟೇ ಇದರಲ್ಲಿದೆ, ಎಲ್ಲವೂ ನಿಜ. ಕೋರ್ಟಿಗೆ ಕರೆದರೆ ಮಗಳನ್ನು ಎತ್ತಿಕೊಂಡೇ ಬರುತ್ತೇನೆ.

ಲಾರೆನ್ಸ್‌ವಿಲ್
21 ಅಕ್ಟೋಬರ್ 1996
(ಸಹಿ) ಶ್ರೀದೇವಿ